ಅಟ್ಟದ ಕೋವಿಗೂ ವಿಮೆ ಉಂಟೇ?

ಅಡಿಕೆ ತೋಟದ ಅಂಚಿನಲ್ಲಿ 'ಢಂ' ಎಂದು ಸದ್ದಾದರೆ ಇಚಿಲಂಪಾಡಿಯ ಆಸುಪಾಸಿನಲ್ಲಿ ಯಾರೂ ಬೆಚ್ಚಿಬೀಳುವುದಿಲ್ಲ. ಮಂಗನ ಹಿಂಡು ಎಳನೀರಿಗೆ ಕೈಹಾಕಿರಬೇಕು, ಇಲ್ಲವೇ ಕಾಡುಹಂದಿ ಬಾಳೆಯ ಬುಡ ಅಗೆದಿರಬೇಕು ಎಂದುಕೊಂಡು ತಮ್ಮ ತಮ್ಮ ಕೆಲಸ ಮುಂದುವರಿಸುತ್ತಾರೆ. ಮೊದಲು ಪುತ್ತೂರು ತಾಲೂಕಿನಲ್ಲಿದ್ದು ಈಗ ಕಡಬ ತಾಲೂಕಿಗೆ ಸೇರಿರುವ ಈ ಘಟ್ಟದ ಬುಡದ ಊರುಗಳಲ್ಲಿ ಕೋವಿ ಎಂದರೆ ಶೋಕಿಯ ವಸ್ತುವಲ್ಲ. ಹಾರೆ, ಕತ್ತಿ, ಪಂಪುಸೆಟ್ಟುಗಳಂತೆ ಅದೂ ಕೃಷಿಕನ ಸಾಮಾನು. ಕಾಡುಪ್ರಾಣಿಗಳ ಭಯ ಇಲ್ಲಿ ಬರಿಯ ಮಾತೂ ಅಲ್ಲ. 2023ರ ಫೆಬ್ರವರಿಯಲ್ಲಿ ರೆಂಜಿಲಾಡಿ ಗ್ರಾಮದಲ್ಲಿ ಕಾಡಾನೆಯ ದಾಳಿಗೆ ಒಂದೇ ದಿನ ಇಬ್ಬರು ಬಲಿಯಾದರು.

ಇಂಥ ಒಂದು ಮನೆಯನ್ನು ಊಹಿಸಿಕೊಳ್ಳಿ. ಕಾಲೇಜಿಗೆ ಹೋಗುವ ಮಗಳಿಗೆ ವಾಣಿಜ್ಯಶಾಸ್ತ್ರದ ಪಾಠದಲ್ಲಿ ವಿಮೆಯ ಅಧ್ಯಾಯ ಬಂದಿದೆ. ಮನೆಯಲ್ಲಿ ಯಾವುದಕ್ಕೆಲ್ಲ ವಿಮೆ ಉಂಟು ಎಂದು ಪಟ್ಟಿ ಮಾಡುತ್ತಾಳೆ. ಅಪ್ಪನ ಜೀವಕ್ಕೆ ಉಂಟು, ಬೈಕಿಗೆ ಉಂಟು, ಹಸುವಿಗೆ ಉಂಟು, ಅಡಿಕೆ ಬೆಳೆಗೂ ಉಂಟು. ಅಷ್ಟರಲ್ಲಿ ಅಜ್ಜನ ಕಾಲದ ಮೂರು ಕೋವಿಗಳ ನೆನಪಾಗುತ್ತದೆ. ಒಂದು ಮದ್ದು ತುಂಬುವ ಕೇಪಿನ ಕೋವಿ, ಇನ್ನೊಂದು ಜೋಡಿ ನಳಿಗೆಯ ತೋಟೆ ಕೋವಿ, ಮತ್ತೊಂದು ಯಾವ ಕಾಲದ್ದೋ ತಿಳಿಯದ ಚಕಮಕಿ ಕೋವಿ. "ಇವುಗಳಿಗೆ ವಿಮೆ ಇಲ್ಲವೇ ಅಪ್ಪ?" ಎಂದು ಕೇಳಿದರೆ ಅಪ್ಪನ ಬಳಿ ಉತ್ತರವಿಲ್ಲ.

ಪ್ರಶ್ನೆ ಚಿಕ್ಕದು. ಆದರೆ ಉತ್ತರ ಹುಡುಕುತ್ತಾ ಹೋದರೆ ಕಾನೂನು, ಇತಿಹಾಸ, ಲೆಕ್ಕಾಚಾರ ಎಲ್ಲವೂ ಒಟ್ಟಿಗೇ ಎದುರಾಗುತ್ತವೆ.

ಮೊದಲು ಪರವಾನಗಿ, ಆಮೇಲೆ ಪಾಲಿಸಿ

ವಿಮೆಯ ಮೊದಲ ಪಾಠವೇ ವಿಮಾ ಹಿತಾಸಕ್ತಿ. ಯಾವ ವಸ್ತು ಹಾಳಾದರೆ ನಮಗೆ ನ್ಯಾಯಬದ್ಧವಾದ ನಷ್ಟವಾಗುತ್ತದೋ ಅದಕ್ಕೆ ಮಾತ್ರ ವಿಮೆ ಮಾಡಿಸಬಹುದು. ಕಾನೂನು ಒಪ್ಪದ ರೀತಿಯಲ್ಲಿ ಇಟ್ಟುಕೊಂಡ ವಸ್ತುವಿಗೆ ಪರಿಹಾರ ಕೇಳಲು ಹೋದವನು ಪರಿಹಾರದ ಬದಲು ಮೊಕದ್ದಮೆಯನ್ನೇ ಮನೆಗೆ ತಂದುಕೊಂಡಾನು. ಆದ್ದರಿಂದ ವಿಮಾ ಕಚೇರಿಯ ಬಾಗಿಲು ತಟ್ಟುವ ಮುನ್ನ ಪರವಾನಗಿ ಪುಸ್ತಕದ ಪುಟ ತಿರುವಬೇಕು.

ನಮ್ಮಲ್ಲಿ ಕೋವಿಗಳ ಮೇಲಿನ ಹಿಡಿತ ಬ್ರಿಟಿಷರ ಕಾಲದ್ದು. 1857ರ ದಂಗೆಯ ಬಳಿಕ ಜನರ ಕೈಯಿಂದ ಆಯುಧ ಕಿತ್ತುಕೊಳ್ಳುವ ಕಾಯಿದೆ ಬಂತು. 1878ರಲ್ಲಿ ಅದು ಇನ್ನಷ್ಟು ಬಿಗಿಯಾಯಿತು. 1857ರ ದಂಗೆಗೆ ಇಪ್ಪತ್ತು ವರ್ಷ ಮೊದಲೇ, 1837ರಲ್ಲಿ, ಸುಳ್ಯ ಸೀಮೆಯ ರೈತರು ಆಯುಧ ಹಿಡಿದು ಮಂಗಳೂರಿನವರೆಗೆ ನಡೆದದ್ದನ್ನು ಇಲ್ಲಿನ ಮಕ್ಕಳು ಪಾಠದಲ್ಲಿ ಓದಿರುತ್ತಾರೆ. ಸ್ವಾತಂತ್ರ್ಯಾನಂತರ ಬಂದದ್ದು 1959ರ ಶಸ್ತ್ರಾಸ್ತ್ರ ಕಾಯಿದೆ. ಬೆಳೆ ರಕ್ಷಣೆಗೆಂದು ಮದ್ದು ತುಂಬುವ ಕೋವಿ ಕೇಳುವ ರೈತನನ್ನು ಈ ಕಾಯಿದೆ ಪ್ರತ್ಯೇಕವಾಗಿಯೇ ಹೆಸರಿಸಿದೆ.

2019ರ ಡಿಸೆಂಬರಿನಲ್ಲಿ ಈ ಕಾಯಿದೆಗೆ ದೊಡ್ಡ ತಿದ್ದುಪಡಿಯಾಯಿತು. ಅಲ್ಲಿಯವರೆಗೆ ಒಬ್ಬರು ಮೂರು ಕೋವಿ ಇಟ್ಟುಕೊಳ್ಳಬಹುದಿತ್ತು. ಈಗ ಎರಡು ಮಾತ್ರ. ಹಿರಿಯರಿಂದ ಬಂದದ್ದಾದರೂ ಲೆಕ್ಕ ಎರಡೇ. ಹೆಚ್ಚಿನದನ್ನು ಒಂದು ವರ್ಷದೊಳಗೆ ಪೊಲೀಸ್ ಠಾಣೆಗೋ ಪರವಾನಗಿ ಪಡೆದ ವ್ಯಾಪಾರಿಗೋ ಒಪ್ಪಿಸಬೇಕೆಂದು ಆಗ ವಿಧಿಸಲಾಯಿತು. ಪರವಾನಗಿಯ ಅವಧಿ ಮಾತ್ರ ಮೂರು ವರ್ಷದಿಂದ ಐದು ವರ್ಷಕ್ಕೆ ಏರಿತು. ಪರವಾನಗಿಯಿಲ್ಲದೆ ಕೋವಿ ಇಟ್ಟುಕೊಂಡರೆ ಶಿಕ್ಷೆಯೂ ಹಿಂದಿಗಿಂತ ಹೆಚ್ಚಾಗಿದೆ.

ಹಾಗಾದರೆ ನಮ್ಮ ಕಥೆಯ ಮನೆಯ ಮೂರನೆಯ ಕೋವಿಯ ಗತಿ ಏನು? ಪುರಾತನವೂ ಹಳೆಯ ಮಾದರಿಯದೂ ಆಗಿದ್ದು, ರಿಪೇರಿ ಮಾಡಿದರೂ ಈಡು ಹಾರಿಸಲಾಗದ ಕೋವಿಗೆ ಕಾಯಿದೆಯ 45ನೇ ಕಲಂ ವಿನಾಯಿತಿ ನೀಡುತ್ತದೆ. 'ರಿಪೇರಿ ಮಾಡಿದರೂ' ಎಂಬ ಮಾತನ್ನು ಗಮನಿಸಬೇಕು. ಕುದುರೆ ಸಡಿಲವಾಗಿದೆ, ಸ್ಪ್ರಿಂಗ್ ಹೋಗಿದೆ ಎಂದ ಮಾತ್ರಕ್ಕೆ ಅದು ಗೋಡೆಯ ಅಲಂಕಾರವಾಗುವುದಿಲ್ಲ. ಇದನ್ನು ಮನೆಯವರೇ ತೀರ್ಮಾನಿಸದೆ ಪರವಾನಗಿ ನೀಡುವ ಅಧಿಕಾರಿಗಳ ಮುಂದಿಟ್ಟು ಲಿಖಿತ ಉತ್ತರ ಪಡೆಯುವುದು ಲೇಸು.

ಸುಳ್ಯದ ಗಡಿ ದಾಟಿ ಕೊಡಗಿಗೆ ಹೋದರೆ ಕಥೆ ಬೇರೆ. ಅಲ್ಲಿನ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿ ಉಂಟು. 2019ರಲ್ಲಿ ಕೇಂದ್ರ ಸರಕಾರ ಅದನ್ನು 2029ರ ಅಕ್ಟೋಬರ್ 31ರವರೆಗೆ ವಿಸ್ತರಿಸಿತು. 2021ರಲ್ಲಿ ಹೈಕೋರ್ಟ್ ಕೂಡ ಈ ವಿನಾಯಿತಿಯನ್ನು ಎತ್ತಿಹಿಡಿಯಿತು. ಆದರೆ ಕೊಡಗಿನ ನೆಂಟರ ಮನೆಯ ಪದ್ಧತಿ ಕಡಬದ ಮನೆಗೆ ಅನ್ವಯಿಸದು.

ಮನೆ ವಿಮೆಯ ಒಳಹೊರಗು

ಇನ್ನು ವಿಮೆಯ ಮಾತು. ವಿಮಾ ನಿಯಂತ್ರಣ ಪ್ರಾಧಿಕಾರದ ಸೂಚನೆಯಂತೆ 2021ರ ಏಪ್ರಿಲ್ 1ರಿಂದ 'ಭಾರತ್ ಗೃಹ ರಕ್ಷಾ' ಎಂಬ ಏಕರೂಪದ ಮನೆ ಪಾಲಿಸಿ ಜಾರಿಗೆ ಬಂದಿದೆ. ಬೆಂಕಿ, ಸಿಡಿಲು, ನೆರೆ, ಬಿರುಗಾಳಿ, ಭೂಕುಸಿತಗಳಿಂದಾಗುವ ನಷ್ಟ ಇದರಲ್ಲಿ ಸೇರುತ್ತದೆ. ಕಟ್ಟಡಕ್ಕೆ ವಿಮೆ ಮಾಡಿಸಿದರೆ ಅದರ ಮೊತ್ತದ ಶೇ. 20ರಷ್ಟು, ಗರಿಷ್ಠ 10 ಲಕ್ಷ ರೂಪಾಯಿವರೆಗೆ, ಮನೆಯ ಸಾಮಾನ್ಯ ಸಾಮಾನುಗಳಿಗೆ ತಾನಾಗಿಯೇ ರಕ್ಷಣೆ ಸಿಗುತ್ತದೆ. ಕಟ್ಟಡಕ್ಕೆ 25 ಲಕ್ಷವಾದರೆ ಸಾಮಾನಿಗೆ 5 ಲಕ್ಷ ಎಂದಾಯಿತು.

"ಹಾಗಾದರೆ ಕೋವಿಯೂ ಅದರಲ್ಲೇ ಬಂತಲ್ಲ!" ಎನ್ನುವಂತಿಲ್ಲ. ಇಲ್ಲಿ ಮೂರು ತೊಡಕುಗಳಿವೆ.

ಮೊದಲನೆಯದು ಬೆಲೆಯದು. ಚಿನ್ನಾಭರಣ, ಕಲಾಕೃತಿ, ಪುರಾತನ ವಸ್ತುಗಳು 'ಸಾಮಾನ್ಯ ಸಾಮಾನು'ಗಳಲ್ಲ. ಅವುಗಳಿಗೆ ಪ್ರತ್ಯೇಕವಾಗಿ, ಮೊದಲೇ ಒಪ್ಪಿಕೊಂಡ ಬೆಲೆಯ ಮೇಲೆ ರಕ್ಷಣೆ ಕೇಳಿ ಪಡೆಯಬೇಕು. ಒಟ್ಟು 5 ಲಕ್ಷ ರೂಪಾಯಿ ಮೀರಿದರೆ, ಅಥವಾ ಒಂದೇ ವಸ್ತು 1 ಲಕ್ಷಕ್ಕಿಂತ ಹೆಚ್ಚಿನ ಬೆಲೆಯದಾದರೆ, ಮೌಲ್ಯಮಾಪಕರ ಪ್ರಮಾಣಪತ್ರ ಬೇಕು. ದಿನನಿತ್ಯ ಬಳಸುವ ಕೋವಿ ಯಾವ ವರ್ಗಕ್ಕೆ ಸೇರುತ್ತದೆ ಎಂಬುದನ್ನು ವಿಮಾ ಕಂಪನಿಯಿಂದ ಬರಹದಲ್ಲಿ ಕೇಳಿ ತಿಳಿಯಬೇಕು. ಏಜೆಂಟರ ಬಾಯಿಮಾತು ಕಷ್ಟಕಾಲಕ್ಕೆ ಒದಗದು.

ಎರಡನೆಯದು ಕಳವು. ಬಹಳ ಜನ ಎಡವುವುದು ಇಲ್ಲೇ. ಈ ಪಾಲಿಸಿಯಲ್ಲಿ ಕಳವಿಗೆ ಪರಿಹಾರ ಸಿಗುವುದು ಬೆಂಕಿ, ನೆರೆಯಂಥ ವಿಪತ್ತಿನ ಕಾರಣದಿಂದ, ಅದಾದ 7 ದಿನದೊಳಗೆ ಕಳವಾದರೆ ಮಾತ್ರ. ಮನೆಯವರು ಮದುವೆಗೆ ಹೋದಾಗ ಬೀಗ ಒಡೆದು ಕೋವಿ ಒಯ್ದರೆ ಇದರಿಂದ ಕಾಸೂ ಬಾರದು. ಅದಕ್ಕೆ ಕನ್ನಗಳವಿನ ವಿಮೆಯನ್ನು ಬೇರೆಯಾಗಿ ಸೇರಿಸಿಕೊಳ್ಳಬೇಕು.

ಮೂರನೆಯದು ಮದ್ದು. ಸ್ಫೋಟಕ ವಸ್ತುಗಳನ್ನು, ಸ್ಪಷ್ಟವಾಗಿ ನಮೂದಿಸದ ಹೊರತು, ಈ ಪಾಲಿಸಿ ಹೊರಗಿಟ್ಟಿದೆ. ಕೇಪಿನ ಕೋವಿಯ ಮಸಿಮದ್ದು ಅಟ್ಟದಲ್ಲಿದ್ದು ಬೆಂಕಿ ಬಿದ್ದರೆ ಮದ್ದಿನ ಬೆಲೆಯಂತೂ ಸಿಗದು. ಅದಕ್ಕಿಂತ ಮುಖ್ಯವಾಗಿ, ಇಂಥ ವಸ್ತು ಮನೆಯಲ್ಲಿದೆ ಎಂಬುದನ್ನು ಮೊದಲೇ ಹೇಳದೆ ಮುಚ್ಚಿಟ್ಟರೆ ಇಡೀ ಮನೆಯ ಪರಿಹಾರಕ್ಕೇ ಕುತ್ತು ಬರಬಹುದು. ವಿಮೆ ನಿಂತಿರುವುದೇ ಪರಮ ವಿಶ್ವಾಸವೆಂಬ ತತ್ವದ ಮೇಲೆ.

ತುಕ್ಕಿನ ವಿಷಯವೂ ಇದೆ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಕೋವಿಯ ದೊಡ್ಡ ಶತ್ರು ಕಳ್ಳನಲ್ಲ, ತೇವ. ಆಟಿ ತಿಂಗಳು ಕಳೆಯುವಷ್ಟರಲ್ಲಿ ನಳಿಗೆಗೆ ತುಕ್ಕು, ಮರದ ಹಿಡಿಗೆ ಬೂಸು ಹಿಡಿದಿರುತ್ತದೆ. ನಿಧಾನವಾಗಿ ಆಗುವ ಇಂಥ ಸವೆತ ವಿಮೆಯ ಲೆಕ್ಕದಲ್ಲಿ ಅಪಘಾತವಲ್ಲ. ಅದಕ್ಕೆ ಎಣ್ಣೆ, ಬಟ್ಟೆ, ಶ್ರದ್ಧೆಗಳೇ ವಿಮೆ.

ಬೆಲೆ ಕಟ್ಟುವುದು ಹೇಗೆ?

2019ರ ಮಾರ್ಚಿನಲ್ಲಿ ಇಂಗ್ಲೆಂಡಿನಲ್ಲಿ ನಡೆದ ಒಂದು ಹರಾಜು ಸುದ್ದಿಯಾಗಿತ್ತು. ಶ್ರೀರಂಗಪಟ್ಟಣದಿಂದ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಯೊಬ್ಬ ಕೊಂಡೊಯ್ದಿದ್ದ ಟಿಪ್ಪು ಸುಲ್ತಾನನ ಕಾಲದ ಆಯುಧಗಳು ಅವನ ವಂಶಸ್ಥರ ಮನೆಯ ಅಟ್ಟದಲ್ಲಿ ಬಿದ್ದಿದ್ದವು. ಅವುಗಳಲ್ಲಿದ್ದ ಬೆಳ್ಳಿ ಕೆಲಸದ ಒಂದು ಚಕಮಕಿ ಕೋವಿಯೇ 60,000 ಪೌಂಡಿಗೆ ಹೋಯಿತು. ಎಲ್ಲ ಅಟ್ಟಗಳಲ್ಲೂ ಟಿಪ್ಪುವಿನ ಕೋವಿ ಇರುವುದಿಲ್ಲ, ನಿಜ. ಆದರೆ ಗುರುತಿಸದ ವಸ್ತುವಿಗೆ ಬೆಲೆಯಿಲ್ಲ ಎಂಬುದಂತೂ ಸತ್ಯ. ನೂರು ವರ್ಷ ದಾಟಿದ ಕಲಾತ್ಮಕ ಅಥವಾ ಐತಿಹಾಸಿಕ ವಸ್ತು 1972ರ ಪುರಾತನ ವಸ್ತುಗಳ ಕಾಯಿದೆಯ ವ್ಯಾಪ್ತಿಗೆ ಬರುತ್ತದೆ. ಅದನ್ನು ಖಾಸಗಿಯವರು ದೇಶದಿಂದಾಚೆಗೆ ಕಳುಹಿಸುವಂತಿಲ್ಲ.

ಆದ್ದರಿಂದ ಪ್ರತಿ ಕೋವಿಯ ಸಂಖ್ಯೆ, ತಯಾರಕರ ಗುರುತು, ನಳಿಗೆಯ ಉದ್ದ, ಪರವಾನಗಿ ಸಂಖ್ಯೆಗಳನ್ನು ಒಂದು ಹಾಳೆಯಲ್ಲಿ ಬರೆದು, ನಾಲ್ಕು ಕಡೆಯಿಂದ ತೆಗೆದ ಫೋಟೋ ಜೊತೆಗಿಡಬೇಕು. ಅದರ ಪ್ರತಿ ಮನೆಯಿಂದ ಹೊರಗೆ, ಬ್ಯಾಂಕ್ ಲಾಕರಿನಲ್ಲೋ ನಂಬಿಕೆಯ ಬಂಧುಗಳಲ್ಲೋ ಇರಲಿ. ಮನೆಗೆ ಬೆಂಕಿ ಬಿದ್ದರೆ ಅಟ್ಟದ ಪೆಟ್ಟಿಗೆಯಲ್ಲಿನ ಪಟ್ಟಿಯೂ ಸುಟ್ಟುಹೋಗುತ್ತದೆ. ಕೋವಿ ಕಳವಾದರೆ ಮೊದಲ ದೂರು ಪೊಲೀಸ್ ಠಾಣೆಗೆ, ಅದೂ ತಡಮಾಡದೆ. ವಿಮಾ ಕಂಪನಿಗೆ ತಿಳಿಸುವುದು ಅದರ ಬೆನ್ನಿಗೇ.

ಚುನಾವಣೆ ಬಂದಾಗ ಇನ್ನೊಂದು ಪ್ರಶ್ನೆ ಏಳುತ್ತದೆ. ನೀತಿಸಂಹಿತೆಯ ಕಾಲದಲ್ಲಿ ಕೋವಿ ಠಾಣೆಯಲ್ಲಿ ಇಡಬೇಕಾಗಿ ಬರುವುದು ಈ ಭಾಗದ ಕೃಷಿಕರ ಹಳೆಯ ಗೋಳು. ಮನೆ ವಿಮೆಯಾದರೋ ಪಾಲಿಸಿಯಲ್ಲಿ ಬರೆದ ವಿಳಾಸಕ್ಕೆ ಅಂಟಿಕೊಂಡದ್ದು. ಕೋವಿ ಠಾಣೆಯಲ್ಲಿರುವ ಆ ವಾರಗಳಲ್ಲಿ ರಕ್ಷಣೆ ಮುಂದುವರಿಯುತ್ತದೆಯೇ ಎಂದು ಪಾಲಿಸಿ ಮಾಡಿಸುವಾಗಲೇ ಕೇಳಬೇಕು. ಠಾಣೆಯ ರಶೀದಿಯನ್ನು ಜೋಪಾನವಾಗಿ ಇಡಬೇಕು.

ಅಜ್ಜ ತೀರಿಕೊಂಡ ಮೇಲೆ

ಎಲ್ಲಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಕೋವಿ ಪಿತ್ರಾರ್ಜಿತವಾಗಿ ಬರುತ್ತದೆ, ಪರವಾನಗಿ ಬರುವುದಿಲ್ಲ. ಅಜ್ಜ ತೀರಿಕೊಂಡ ಮೇಲೂ ಅವರ ಹೆಸರಿನ ಕೋವಿ ಸುಮ್ಮನೆ ಅಟ್ಟದಲ್ಲಿದ್ದರೆ ಅದು ಪರವಾನಗಿಯಿಲ್ಲದ ಆಯುಧವೇ. ತಡಮಾಡದೆ ಅದನ್ನು ಠಾಣೆಯಲ್ಲೋ ಪರವಾನಗಿ ಪಡೆದ ವ್ಯಾಪಾರಿಯಲ್ಲೋ ಇರಿಸಿ, ವಾರಸುದಾರರು ತಮ್ಮ ಹೆಸರಿಗೆ ಪರವಾನಗಿ ಕೋರಬೇಕು. ಗಡುವು ಮೀರಿದರೆ ಕೋವಿ ಸರಕಾರದ ಪಾಲಾಗಬಹುದು. 2016ರ ನಿಯಮಗಳಂತೆ, ಪರವಾನಗಿದಾರರಿಗೆ 70 ವರ್ಷ ತುಂಬಿದ್ದರೆ ಅಥವಾ ಅವರು 25 ವರ್ಷ ಕೋವಿ ಹೊಂದಿದ್ದರೆ, ಬದುಕಿರುವಾಗಲೇ ವಾರಸುದಾರರ ಹೆಸರಿಗೆ ಮಾಡಿಸಲು ಅವಕಾಶವಿದೆ. ಹಿರಿಯರು ಎದುರಿಗಿರುವಾಗಲೇ ಈ ಕೆಲಸ ಮುಗಿಸುವುದು ಜಾಣತನ. ಪರವಾನಗಿಯ ಹೆಸರು ಬದಲಾದಾಗ ಪಾಲಿಸಿಯಲ್ಲಿಯೂ ಬದಲಾಯಿಸಲು ಮರೆಯಬಾರದು. 21 ವರ್ಷ ತುಂಬದವರು ವಾರಸುದಾರರಾದರೂ ಕೋವಿಯ ಪರವಾನಗಿ ಪಡೆಯುವಂತಿಲ್ಲ.

ವಿಮೆಗೆ ಆಗದ ಕೆಲಸ

ಇಷ್ಟೆಲ್ಲ ಮಾಡಿದ ಮೇಲೂ ಒಂದು ನಷ್ಟಕ್ಕೆ ಯಾವ ಪಾಲಿಸಿಯೂ ಒದಗದು. ಮನೆಯ ಮಗುವಿನ ಕೈಗೆ ತುಂಬಿದ ಕೋವಿ ಸಿಕ್ಕಿದರೆ ಆಗುವ ಅನಾಹುತಕ್ಕೆ ಯಾವ ಮೌಲ್ಯಮಾಪಕನೂ ಬೆಲೆ ಕಟ್ಟಲಾರ. ಪರವಾನಗಿಗೆ ಅರ್ಜಿ ಹಾಕುವವರಿಂದ ಸುರಕ್ಷಿತ ಬಳಕೆ ಮತ್ತು ಸಂಗ್ರಹದ ಬಗ್ಗೆ ಮುಚ್ಚಳಿಕೆ ಬರೆಸಿಕೊಳ್ಳುವುದು ಇದೇ ಕಾರಣಕ್ಕೆ. ಕೋವಿ ಖಾಲಿಯಾಗಿ ಬೀಗದೊಳಗೆ, ತೋಟೆ-ಮದ್ದು ಬೇರೆ ಬೀಗದೊಳಗೆ, ಎರಡರ ಕೀಲಿಕೈ ಹಿರಿಯರ ಬಳಿ. ಕತ್ತಲೆಯಲ್ಲಿ ಹಂದಿ ಬಂತೆಂದು ತುಂಬಿಟ್ಟ ಕೋವಿಯನ್ನು ಬಾಗಿಲ ಮೂಲೆಗೆ ಒರಗಿಸಿ ಮಲಗುವ ಅಭ್ಯಾಸ ಇಂದೇ ಬಿಡಬೇಕು.

ನಮ್ಮ ಕಥೆಯ ಮಗಳ ಪ್ರಶ್ನೆಗೆ ಈಗ ಉತ್ತರ ಸಿಕ್ಕಿತು. ಕೋವಿಗೂ ವಿಮೆ ಮಾಡಿಸಲು ದಾರಿ ಉಂಟು, ಆದರೆ ಅದು ಪಟ್ಟಿಯ ಕೊನೆಯ ಸಾಲು. ಅದಕ್ಕಿಂತ ಮೇಲೆ ಪರವಾನಗಿ, ದಾಖಲೆ, ಬೀಗ ಎಂಬ ಮೂರು ಸಾಲುಗಳಿವೆ. ಬರುವ ಭಾನುವಾರ ಅಪ್ಪ ಪರವಾನಗಿ ಪುಸ್ತಕ ತೆರೆದು ಓದಿ ಹೇಳಲಿ, ಮಗಳು ಬರೆದುಕೊಳ್ಳಲಿ. ಎರಡು ಗಂಟೆಯ ಕೆಲಸ. ನವೀಕರಣದ ದಿನಾಂಕ ದಾಟಿಹೋಗಿದೆಯೋ ಎಂಬುದಾದರೂ ಅಂದು ಗೊತ್ತಾದೀತು.