ಅಥಣಿಯ ಚಪ್ಪಲಿಗೆ ಅಥಣಿಯದೇ ಬ್ರ್ಯಾಂಡ್

ನೀವು ಕೊಲ್ಹಾಪುರಿ ಅಂತ ಕೊಳ್ಳೋ ಚಪ್ಪಲಿ ನಮ್ಮ ಬೆಳಗಾವಿ ಜಿಲ್ಲೆಯ ಅಥಣಿಯಲ್ಲೇ ತಯಾರಾಗಿರಬಹುದು!

ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ ಕಡೆಯ ಸಮಗಾರ ಕುಟುಂಬಗಳು ತಲೆಮಾರುಗಳಿಂದ ಮಾಡಿಕೊಂಡು ಬಂದ ಕಸುಬು ಇದು. ತೊಗಲು ಹದ ಮಾಡೋದು ಜಾಲಿ ತೊಗಟೆ, ಅಳಲೆಕಾಯಿಯಿಂದ. ಗಂಡಸರು ಅಟ್ಟೆ ಕತ್ತರಿಸ್ತಾರೆ. ಹೆಣಿಗೆ, ನಾಜೂಕಿನ ಹೊಲಿಗೆ ಹೆಣ್ಣುಮಕ್ಕಳದು. ಮೊಳೆ ಬೇಡ, ತೊಗಲಿನ ದಾರದಲ್ಲೇ ಹೊಲಿಗೆ!

ಆದರೆ ಮಾಲು ವ್ಯಾಪಾರಿಗಳ ಕೈ ಸೇರ್ತಿತ್ತು, ಮಾಡಿದವರ ಹೆಸರು ಎಲ್ಲೂ ಇರ್ತಿರಲಿಲ್ಲ.

1990ರ ದಶಕದ ಕೊನೆಗೆ ಅದು ಬದಲಾಯ್ತು. ಮಧುರಾ ಛತ್ರಪತಿ ಅವರ ‘ಅಸೆಂಟ್’ ಸಂಸ್ಥೆ ಅಥಣಿಗೆ ಬಂತು. ಅದರ ನೆರವಿನಿಂದ ಹೆಣ್ಣುಮಕ್ಕಳು ಸ್ವಸಹಾಯ ಸಂಘ ಕಟ್ಟಿಕೊಂಡರು. ಹುಟ್ಟಿತು ಅವರದೇ ಬ್ರ್ಯಾಂಡ್, ‘ಟೋಹೋಲ್ಡ್’.

ಅವರ ಶೈಲಿ ಏನು? ಕೈಹೆಣಿಗೆ ಹಳೇದು; ಬಣ್ಣ, ಪಟ್ಟಿಯ ವಿನ್ಯಾಸ ಹೊಸದು. ಜೊತೆಗೆ ಅಳತೆಯಲ್ಲಿ ಶಿಸ್ತು. ಯಾಕಂದ್ರೆ ಹೊರದೇಶದ ಅಂಗಡಿಗೆ ಹೋಗೋ ಪ್ರತಿ ಜೋಡಿಯೂ ಸೈಜಿಗೆ ಸರಿಯಾಗಿರಬೇಕು. ಅಥಣಿ ಚಪ್ಪಲಿ ವಿದೇಶಕ್ಕೂ ಹೊರಟಿತು.

ಇವತ್ತು ಕೊಲ್ಹಾಪುರಿ ಚಪ್ಪಲಿಗೆ ಜಿಐ (ಭೌಗೋಳಿಕ ಸೂಚಿ) ಮಾನ್ಯತೆ ಇದೆ. ಅದು ಮಹಾರಾಷ್ಟ್ರದ 4, ಕರ್ನಾಟಕದ 4 ಜಿಲ್ಲೆಗಳಿಗೆ ಸೇರಿದ್ದು. ನಮ್ಮ ಕಡೆ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡ.

2025ರ ಜೂನ್‌ನಲ್ಲಿ ಇಟಲಿಯ ಫ್ಯಾಷನ್ ಕಂಪನಿ ಪ್ರಾಡಾ ಮಿಲಾನ್‌ನ ಫ್ಯಾಷನ್ ಶೋದಲ್ಲಿ ಇಂಥದ್ದೇ ಚಪ್ಪಲಿ ತೋರಿಸಿತು, ಮೂಲ ಹೇಳಲಿಲ್ಲ. ಟೀಕೆ ಬಂದ ಮೇಲೆ ಭಾರತದ ಕುಶಲಕರ್ಮಿಗಳ ಪ್ರೇರಣೆ ಅಂತ ಒಪ್ಪಿಕೊಂಡಿತು.

ಮುಂದಿನ ಸಲ ಚಪ್ಪಲಿ ಕೊಳ್ಳೋವಾಗ ‘ಎಲ್ಲಿ ಮಾಡಿದ್ದು, ಯಾರು ಮಾಡಿದ್ದು’ ಅಂತ ಕೇಳಿ. ಅಥಣಿಗೆ ಹೋದರೆ ಮಾಡಿದವರಿಂದಲೇ ಕೊಳ್ಳಿ, ಅವರ ದುಡಿಮೆಗೆ ತಕ್ಕ ಬೆಲೆ ಕೊಡಿ.