ತಲೆಬುರುಡೆಯ ಬಳಗ ಮತ್ತು ನಾವು

ಭಾನುವಾರ ಬಂತೆಂದರೆ ನನ್ನ ಅಕ್ಕನ ಮಗ ಹಾಸ್ಟೆಲಿನಿಂದ ನಮ್ಮ ಮನೆಗೆ ಬರುತ್ತಾನೆ. ಇಲ್ಲಿ ಚೆನ್ನೈಯಲ್ಲಿ ಎಂಜಿನಿಯರಿಂಗ್ ಓದುತ್ತಿರುವ ಹುಡುಗ. ವಾರವೆಲ್ಲ ಹಾಸ್ಟೆಲಿನ ಊಟ ಉಂಡು ಬೇಸತ್ತ ನಾಲಗೆಗೆ ಅವನ ಅತ್ತೆ ಮಾಡಿದ ಮುದ್ದೆ, ಹುರುಳಿಕಾಳಿನ ಬಸ್ಸಾರು ಸಿಕ್ಕಿತೆಂದರೆ ಹಾಸನವೇ ಎದ್ದು ಬಂದು ಎದುರಿಗೆ ಕುಳಿತಂತೆ. ಊಟ ಮುಗಿದ ಮೇಲೆ ತನ್ನ ಲ್ಯಾಪ್‌ಟಾಪಿನಲ್ಲಿ ಯಾವುದಾದರೂ ಸಿನಿಮಾ ಹಾಕುವುದು, ನಾವು ಮೂವರೂ ಗೋಡೆಗೆ ಒರಗಿ ಕುಳಿತು ನೋಡುವುದು, ಇದು ನಮ್ಮ ಮನೆಯ ವಾಡಿಕೆ.

ಹೋದ ತಿಂಗಳಿನ ಒಂದು ಭಾನುವಾರ ಅವನು ಹಾಕಿದ್ದು ‘ದಿ ಸ್ಕಲ್ಸ್’ ಎಂಬ ಇಂಗ್ಲಿಷ್ ಚಿತ್ರ. 2000ನೆಯ ಇಸವಿಯ ಮಾರ್ಚಿಯಲ್ಲಿ ತೆರೆಕಂಡದ್ದು, ಅಂದರೆ ಹುಡುಗ ಹುಟ್ಟುವುದಕ್ಕೂ ಮುಂಚಿನದು. ಹೆಸರಿನ ಅರ್ಥ ‘ತಲೆಬುರುಡೆಗಳು’ ಎಂದು. ಹೆಸರು ಕೇಳಿದೊಡನೆಯೇ ನನ್ನಾಕೆ, “ಸಂಜೆ ದೀಪ ಹಚ್ಚುವ ಹೊತ್ತಿಗೆ ಇಂಥದೇ ಬೇಕಿತ್ತೇನಪ್ಪ?” ಎಂದಳು. ಅದು ದೆವ್ವದ ಕಥೆಯಲ್ಲವೆಂದು ಅವಳನ್ನು ಒಪ್ಪಿಸಿ ಕೂರಿಸಿದ್ದಾಯಿತು. ನೋಡಿ ಮುಗಿಸಿದ ಮೇಲೆ ನಮ್ಮಲ್ಲಿ ನಡೆದ ಮಾತುಕತೆಯನ್ನು ಸಂಘದ ಬಂಧುಗಳ ಮುಂದೆ ಇಡಬೇಕೆನಿಸಿ ಈ ನಾಲ್ಕು ಮಾತು ಬರೆಯುತ್ತಿದ್ದೇನೆ.

ಕಥೆಯ ಹಂದರ

ಲೂಕ್ ಮೆಕ್‌ನಮಾರ ಎಂಬುವನು ಬಡವರ ಮನೆಯ ಹುಡುಗ. ಶ್ರೀಮಂತರ ಮಕ್ಕಳು ಓದುವ ದೊಡ್ಡ ವಿಶ್ವವಿದ್ಯಾಲಯವೊಂದರಲ್ಲಿ, ಅವರೆಲ್ಲ ಉಣ್ಣುವ ಭೋಜನಶಾಲೆಯಲ್ಲಿಯೇ ದುಡಿಯುತ್ತ ಓದುತ್ತಾನೆ. ದೋಣಿಯ ಪಂದ್ಯಗಳಲ್ಲಿ ಅವನನ್ನು ಮೀರಿಸುವವರಿಲ್ಲ. ಮುಂದೆ ಕಾನೂನು ಓದಬೇಕೆಂಬ ಆಸೆ. ಅದಕ್ಕೆ ತಗಲುವ ಹಣ ಮಾತ್ರ ಕೈಯಲ್ಲಿಲ್ಲ. ಇಂಥ ಹುಡುಗನಿಗೆ ಒಂದು ದಿನ ಗುಪ್ತಸಂಘವೊಂದರಿಂದ ಕರೆ ಬರುತ್ತದೆ. ‘ಸ್ಕಲ್ಸ್’ ಎಂದು ಆ ಸಂಘದ ಹೆಸರು. ಸೇರಿದವರ ಮಣಿಕಟ್ಟಿನ ಮೇಲೆ ಕಾಸಿದ ಮುದ್ರೆಯೊತ್ತುತ್ತಾರೆ. ಆ ಗುರುತು ಹೊರಗೆ ಕಾಣದಿರಲೆಂದು ಅದರ ಮೇಲೆ ಕಟ್ಟಿಕೊಳ್ಳಲು ಬೆಲೆಬಾಳುವ ಗಡಿಯಾರ ಕೊಡುತ್ತಾರೆ. ಬ್ಯಾಂಕಿನ ಖಾತೆಗೆ ಸಾವಿರಗಟ್ಟಲೆ ಡಾಲರು ತಾನಾಗಿ ಬಂದು ಬೀಳುತ್ತದೆ. ಕಾನೂನು ಕಾಲೇಜಿನ ಚಿಂತೆಯೂ ಹರಿಯುತ್ತದೆ.

ಅವನ ಗೆಳೆಯ ವಿಲ್ ಎಂಬುವನು ವಿದ್ಯಾರ್ಥಿಗಳ ಪತ್ರಿಕೆಗೆ ಬರೆಯುವ ಕರಿಯ ಹುಡುಗ. ಗುಟ್ಟಾಗಿ ನಡೆಯುವ, ದೊಡ್ಡವರಿಗೆ ಮಾತ್ರ ಮೀಸಲಾದ ಕೂಟದಿಂದ ಒಳ್ಳೆಯದೇನೂ ಹುಟ್ಟಲಾರದೆಂಬುದು ಅವನ ನಂಬಿಕೆ. ಸಂಗತಿ ಬಯಲಿಗೆಳೆಯಲೆಂದು ಸಂಘದ ಒಳಮನೆಗೆ ನುಗ್ಗಿದ ಅವನು ಹೆಣವಾಗಿ ಸಿಕ್ಕುತ್ತಾನೆ. ಆತ್ಮಹತ್ಯೆಯೆಂದು ಎಲ್ಲರೂ ಷರಾ ಬರೆದುಬಿಡುತ್ತಾರೆ. ಸಂಘದ ತಲೆಯಾಳಾದರೋ ಒಬ್ಬ ನ್ಯಾಯಾಧೀಶ, ಅದೂ ದೇಶದ ಸರ್ವೋಚ್ಚ ನ್ಯಾಯಾಲಯಕ್ಕೆ ಏರುವ ದಾರಿಯಲ್ಲಿರುವವನು! ಅವನ ಮಗ ಕೇಲೆಬ್ ಸಂಘದ ನಿಯಮದಂತೆ ಲೂಕನಿಗೆ ಜೋಡಿ. ಒಂದು ಕಡೆ ಸತ್ತ ಗೆಳೆಯ, ಇನ್ನೊಂದು ಕಡೆ ತನ್ನ ಬಾಳನ್ನು ಎತ್ತಿ ನಿಲ್ಲಿಸಿದ ಸಂಘ. ಇವೆರಡರ ನಡುವೆ ಲೂಕ್ ಏನು ಮಾಡುತ್ತಾನೆಂಬುದೇ ಕಥೆ. ಕೊನೆಯನ್ನು ನಾನು ಹೇಳುವುದಿಲ್ಲ. ಹೇಳಿದರೆ ನೋಡುವವರ ರುಚಿ ಕೆಟ್ಟೀತು.

ನಿರ್ದೇಶಕ ರಾಬ್ ಕೋಹೆನ್. ಕಥೆ ಬರೆದ ಜಾನ್ ಪೋಗ್ ಸ್ವತಃ ಯೇಲ್ ವಿಶ್ವವಿದ್ಯಾಲಯದಲ್ಲಿ ಓದಿದವರು. ಲೂಕನಾಗಿ ಜೋಷುವಾ ಜಾಕ್ಸನ್, ಕೇಲೆಬ್ ಆಗಿ ಪಾಲ್ ವಾಕರ್ ನಟಿಸಿದ್ದಾರೆ. ಮರುವರ್ಷವೇ, 2001ರಲ್ಲಿ, ಕೋಹೆನ್ ಇದೇ ವಾಕರನನ್ನು ಹಾಕಿಕೊಂಡು ‘ದಿ ಫಾಸ್ಟ್ ಅಂಡ್ ದಿ ಫ್ಯೂರಿಯಸ್’ ತೆಗೆದರು. ಕಾರಿನ ಹುಚ್ಚಿರುವ ನಮ್ಮ ಹುಡುಗರಿಗೆಲ್ಲ ಅದು ಚಿರಪರಿಚಿತ. ಪಾಪ, ವಾಕರ್ 2013ರಲ್ಲಿ ಕಾರಿನ ಅಪಘಾತದಲ್ಲಿಯೇ ತೀರಿಕೊಂಡರು.

ವಿಮರ್ಶಕರು ಈ ಚಿತ್ರವನ್ನು ಚೆನ್ನಾಗಿಯೇ ಝಾಡಿಸಿದ್ದರು. ಅವರದು ತಪ್ಪೆನ್ನುವಂತಿಲ್ಲ. ಮೊದಲ ಅರ್ಧ ಗಂಭೀರವಾಗಿ ಸಾಗಿದ ಕಥೆ ಆಮೇಲೆ ಕಾರು ಅಟ್ಟಿಸಿಕೊಂಡು ಹೋಗುವುದು, ಹುಚ್ಚಾಸ್ಪತ್ರೆಗೆ ಸೇರಿಸುವುದು, ಹಳೆಯ ಕಾಲದವರಂತೆ ಪಿಸ್ತೂಲು ಹಿಡಿದು ದ್ವಂದ್ವಯುದ್ಧಕ್ಕೆ ನಿಲ್ಲುವುದು ಎಂದು ಎತ್ತೆತ್ತಲೋ ಓಡುತ್ತದೆ. “ನಮ್ಮ ಸಿನಿಮಾಗಳೇ ವಾಸಿ, ನಡುವೆ ಒಂದೆರಡು ಹಾಡಾದರೂ ಇರುತ್ತವೆ” ಎಂದು ನನ್ನಾಕೆ ತೀರ್ಪು ಕೊಟ್ಟಳು. ಆದರೆ ಲೂಕನಿಗೆ ಕರೆ ಬಂದ ಆ ಮೊದಲ ಭಾಗ ನನ್ನ ಮನಸ್ಸಿನಿಂದ ಈವರೆಗೂ ಹೋಗಿಲ್ಲ.

ನಿಜವಾದ ತಲೆಬುರುಡೆ

ಚಿತ್ರದಲ್ಲಿ ವಿಶ್ವವಿದ್ಯಾಲಯದ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ. ಚಿತ್ರೀಕರಣದ ಬಹುಭಾಗವೂ ಕೆನಡಾದ ಟೊರಾಂಟೊದಲ್ಲಿ ನಡೆದದ್ದು. ಆದರೂ ಅಮೆರಿಕದ ನ್ಯೂ ಹೇವನ್ ಪಟ್ಟಣದಲ್ಲಿರುವ ಯೇಲ್ ಅದೆಂದು ಯಾರಿಗಾದರೂ ತಿಳಿಯುತ್ತದೆ. ಅಲ್ಲಿ ‘ಸ್ಕಲ್ ಅಂಡ್ ಬೋನ್ಸ್’, ಎಂದರೆ ‘ತಲೆಬುರುಡೆ ಮತ್ತು ಎಲುಬು’ ಎಂಬ ಸಂಘ ನಿಜವಾಗಿಯೂ ಇದೆ. 1832ರಲ್ಲಿ ವಿಲಿಯಂ ಹಂಟಿಂಗ್ಟನ್ ರಸೆಲ್, ಅಲ್ಫಾನ್ಸೊ ಟಾಫ್ಟ್ ಎಂಬ ಇಬ್ಬರು ವಿದ್ಯಾರ್ಥಿಗಳು ಸ್ಥಾಪಿಸಿದ್ದು. ಕೊನೆಯ ವರ್ಷಕ್ಕೆ ಕಾಲಿಡುವವರಲ್ಲಿ ವರ್ಷಕ್ಕೆ 15 ಮಂದಿಯನ್ನು ಮಾತ್ರ ಆರಿಸುತ್ತಾರೆ. ಇದಕ್ಕೆ ಅರ್ಜಿಯಿಲ್ಲ, ಪರೀಕ್ಷೆಯಿಲ್ಲ. ಅವರೇ ಬಂದು ಕರೆಯಬೇಕು. ಸಂಘದ ಕಟ್ಟಡವನ್ನು ‘ಸಮಾಧಿ’ ಎಂದೇ ಕರೆಯುತ್ತಾರೆ. ಒಳಗೆ ನಡೆಯುವುದನ್ನು ಹೊರಗೆ ಹೇಳಕೂಡದೆಂಬುದು ಕಟ್ಟಳೆ.

ಆ ಬಾಗಿಲಿನಿಂದ ಹೊರಬಿದ್ದವರು ಯಾರು ಯಾರು ನೋಡಿ. ಸ್ಥಾಪಕ ಟಾಫ್ಟನ ಮಗ ವಿಲಿಯಂ ಹೋವರ್ಡ್ ಟಾಫ್ಟ್ 1909ರಿಂದ 1913ರವರೆಗೆ ಅಮೆರಿಕದ ಅಧ್ಯಕ್ಷನಾಗಿದ್ದು, ಆಮೇಲೆ 1921ರಲ್ಲಿ ಆ ದೇಶದ ಮುಖ್ಯ ನ್ಯಾಯಮೂರ್ತಿಯೂ ಆದ. ಜಾರ್ಜ್ ಬುಷ್ ತಂದೆ, ಜಾರ್ಜ್ ಬುಷ್ ಮಗ, ಇಬ್ಬರೂ ಈ ಸಂಘದವರು, ಇಬ್ಬರೂ ಅಧ್ಯಕ್ಷರು. 2004ರ ಚುನಾವಣೆಯಲ್ಲಂತೂ ಬುಷ್ ಮಗನಿಗೆ ಎದುರಾಗಿ ನಿಂತ ಜಾನ್ ಕೆರ್ರಿ ಕೂಡ ಇದೇ ಸಂಘದವರೇ! ಯಾರು ಗೆದ್ದರೂ ತಲೆಬುರುಡೆಗೇ ಜಯ. ಟೆಲಿವಿಷನ್ನಿನಲ್ಲಿ ಈ ವಿಷಯ ಕೇಳಿದಾಗ ಇಬ್ಬರೂ ಅದು ಗುಟ್ಟೆಂದು ನಕ್ಕು ತೇಲಿಸಿಬಿಟ್ಟರು.

ಹೆಂಗಸರಿಗೆ ಅಲ್ಲಿ ಪ್ರವೇಶವಿರಲಿಲ್ಲ. 1991ರಲ್ಲಿ ವಿದ್ಯಾರ್ಥಿ ಸದಸ್ಯರೇ ಮುಂದಾಗಿ ಹೆಣ್ಣುಮಕ್ಕಳನ್ನು ಆರಿಸಿದಾಗ, ಹಳೆಯ ತಲೆಗಳು ಸಿಟ್ಟಾಗಿ ಕಟ್ಟಡದ ಬೀಗವನ್ನೇ ಬದಲಿಸಿದರಂತೆ. ಕೊನೆಗೆ ಮತಕ್ಕೆ ಹಾಕಿ, ಸ್ವಲ್ಪದರಲ್ಲಿ ಹೆಂಗಸರ ಪರವಾಗಿ ತೀರ್ಮಾನವಾಯಿತು.

ಚಿತ್ರದಲ್ಲಿರುವ ಕೊಲೆ ಪಾತಕಗಳೆಲ್ಲ ಕಥೆಗಾರನ ಕಲ್ಪನೆ. ಅವನ್ನು ನಿಜವಾದ ಸಂಘದ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೆ ಕೊಲೆಯಿಲ್ಲದೆಯೂ ಅನ್ಯಾಯವಾಗಬಹುದಲ್ಲ? ಹದಿನೈದು ಮಂದಿಗೆ ತೆರೆದ ಬಾಗಿಲು ಮಿಕ್ಕವರಿಗೆ ಏಕೆ ಮುಚ್ಚಿತೆಂದು ಕೇಳುವ ಹಾಗಿಲ್ಲ. ಕೇಳಿದರೂ ಹೇಳುವವರಿಲ್ಲ.

ಮದರಾಸಿನ ನಂಟು

ಚೆನ್ನೈಯಲ್ಲಿರುವ ನಮಗೆ ಇದರಲ್ಲೊಂದು ಸ್ವಾರಸ್ಯವಿದೆ. ನಾನು ದಿನವೂ ಕಚೇರಿಗೆ ಹೋಗುವ ಬಸ್ಸು ಸೇಂಟ್ ಜಾರ್ಜ್ ಕೋಟೆಯ ಮುಂದೆಯೇ ಸಾಗುತ್ತದೆ. ಆ ಕೋಟೆಯಲ್ಲಿ ಕುಳಿತು 1687ರಿಂದ 1692ರವರೆಗೆ ಮದರಾಸನ್ನು ಆಳಿದ ಈಸ್ಟ್ ಇಂಡಿಯಾ ಕಂಪನಿಯ ಗವರ್ನರನ ಹೆಸರು ಎಲಿಹು ಯೇಲ್. ಅಲ್ಲಿಯ ಸೇಂಟ್ ಮೇರಿ ಚರ್ಚಿನಲ್ಲಿ 1680ರಲ್ಲಿ ನಡೆದ ಮೊದಲ ಮದುವೆ ಅವನದೇ. ಕಂಪನಿಯ ಕೆಲಸದ ಮರೆಯಲ್ಲಿ ಸ್ವಂತ ವ್ಯಾಪಾರ ಬೆಳೆಸಿ ಗಂಟು ಕಟ್ಟಿದನೆಂಬ ಆಪಾದನೆ ಬಂದು ಅವನ ಅಧಿಕಾರ ಹೋಯಿತು. ಗಂಟು ಮಾತ್ರ ಉಳಿಯಿತು. ಇಂಗ್ಲೆಂಡಿಗೆ ಮರಳಿದ ಮೇಲೆ, 1718ರಲ್ಲಿ, ಅಮೆರಿಕದಲ್ಲಿ ಆಗ ತಾನೇ ಏಳುತ್ತಿದ್ದ ಕಾಲೇಜಿಗೆ ಒಂಬತ್ತು ಪಿಂಡಿ ಸರಕು, 417 ಪುಸ್ತಕ, ದೊರೆ ಮೊದಲನೆಯ ಜಾರ್ಜನ ಒಂದು ಚಿತ್ರ ಇಷ್ಟನ್ನು ದಾನವಾಗಿ ಕಳುಹಿಸಿದ. ಸರಕು ಮಾರಿ ಬಂದದ್ದು ಸುಮಾರು 562 ಪೌಂಡು. ಕೃತಜ್ಞತೆಗಾಗಿ ಕಾಲೇಜಿಗೆ ಅವನ ಹೆಸರಿಟ್ಟರು. ನಮ್ಮ ಬಸ್ಸಿನ ದಾರಿಯಲ್ಲಿರುವ ಕೋಟೆಯ ದುಡ್ಡಿಗೆ ಅಷ್ಟು ದೂರದಲ್ಲೊಂದು ಹೆಸರು ಸಿಕ್ಕಿತು!

ಇದನ್ನು ನಾನು ಸಂಭ್ರಮದಿಂದ ಹೇಳುತ್ತಿರುವಾಗ ಹುಡುಗ ನಡುವೆ ಬಾಯಿ ಹಾಕಿ, “ಅದಿರಲಿ ಮಾವ, ಲೂಕನಿಗೆ ಬಂದಂಥ ಕರೆ ನಿಮಗೆ ಬಂದಿದ್ದರೆ ನೀವು ಹೋಗುತ್ತಿದ್ದಿರಾ?” ಎಂದು ಕೇಳಿದ.

ನನ್ನ ಬಾಯಿ ಕಟ್ಟಿಹೋಯಿತು. ಏಕೆಂದರೆ ಆ ಕರೆ ನನಗೆ ಬಂದಿತ್ತು, ನಾನು ಹೋಗಿಯೂ ಇದ್ದೆ. ಅದರ ಫಲವನ್ನು ಉಣ್ಣುತ್ತಿದ್ದವನು ಆ ಹುಡುಗನೇ.

ಒಂದು ಪೊಟ್ಟಣ ಕಾಫಿಪುಡಿ

ಎರಡು ವರ್ಷದ ಹಿಂದಿನ ಮಾತು. ಕಾಲೇಜಿನಲ್ಲಿ ಅವನಿಗೆ ಸೀಟು ಸಿಕ್ಕಿತ್ತು, ಇರಲು ಜಾಗ ಸಿಕ್ಕಿರಲಿಲ್ಲ. ನಮ್ಮದು ಒಂದೂವರೆ ಕೋಣೆಯ ಮನೆ, ಕಾಲೇಜೋ ಊರಿನ ಆ ತುದಿ. ಹತ್ತಿರದಲ್ಲಿ ಕಡಿಮೆ ಖರ್ಚಿನ ಹಾಸ್ಟೆಲೊಂದಿತ್ತು. ಅಲ್ಲಿ ಅಂಕಗಳ ಪ್ರಕಾರ ಜಾಗ ಕೊಡುವ ನಿಯಮ. ನಮ್ಮ ಹುಡುಗನ ಹೆಸರು ಕಾಯುವವರ ಪಟ್ಟಿಯಲ್ಲಿ ಏಳನೆಯದು. ಅಲ್ಲಿಯ ಆಡಳಿತದಲ್ಲಿ ನಮ್ಮ ಕಡೆಯವರೊಬ್ಬರು ಇದ್ದಾರೆಂದು ಪರಿಚಿತರು ತಿಳಿಸಿದರು. ಊರಿನಿಂದ ಬಂದಿದ್ದ ಕಾಫಿಪುಡಿಯ ಪೊಟ್ಟಣ ಕೈಯಲ್ಲಿ ಹಿಡಿದು ಅವರ ಮನೆಗೆ ಹೋದೆ. ಅವರು ನನ್ನ ಊರು ಕೇಳಿದರು, ಹೋಬಳಿ ಕೇಳಿದರು. ಮಾತಿನಲ್ಲಿ ಹೇಗೋ ನಂಟು ಹೊರಬಿತ್ತು. “ನಮ್ಮ ಹುಡುಗನೇ ಅಂದಮೇಲೆ ಆಯಿತು ಬಿಡಿ” ಎಂದರು. ಮೂರನೆಯ ದಿನಕ್ಕೆ ಜಾಗ ಸಿಕ್ಕಿತು.

ಹುಡುಗನನ್ನು ಸೇರಿಸಲು ಹೋದ ದಿನ ಹಾಸ್ಟೆಲಿನ ಗೇಟಿನ ಬಳಿಯ ಚಹಾದಂಗಡಿಯಲ್ಲಿ ಧರ್ಮಪುರಿ ಕಡೆಯ ರೈತರೊಬ್ಬರು ತಗಡಿನ ಪೆಟ್ಟಿಗೆಯ ಮೇಲೆ ಕುಳಿತಿದ್ದರು. ಪಕ್ಕದಲ್ಲಿ ಮಗ. ಕಾಯುವವರ ಪಟ್ಟಿಯಲ್ಲಿ ಅವನದು ಎರಡನೆಯ ಹೆಸರಂತೆ. ಇಂದು ಕರೆದಾರು, ನಾಳೆ ಕರೆದಾರು ಎಂದು ಎರಡು ದಿನದಿಂದ ಕಾಯುತ್ತಿದ್ದರು. “ನಿಮ್ಮ ಹುಡುಗನದು ಎಷ್ಟನೆಯ ನಂಬರು ಸಾರ್?” ಎಂದು ಅವರು ತಮಿಳಿನಲ್ಲಿ ಕೇಳಿದರು. “ಮೊದಲ ಪಟ್ಟಿಯಲ್ಲೇ ಇತ್ತು” ಎಂದೆ. ಅವರು ಸಂತೋಷಪಟ್ಟರು. ನನ್ನ ಚಹಾದ ದುಡ್ಡನ್ನೂ ತಾವೇ ಕೊಡಲು ಬಂದರು.

ಇಷ್ಟನ್ನು ಆ ರಾತ್ರಿ ಹುಡುಗನಿಗೆ ಹೇಳಿದೆ. ಅವನು ಲ್ಯಾಪ್‌ಟಾಪ್ ಮುಚ್ಚಿ ಸುಮ್ಮನೆ ಕುಳಿತ. ಬಹಳ ಹೊತ್ತಾದ ಮೇಲೆ, “ಆ ಹುಡುಗ ಈಗ ಎಲ್ಲಿದ್ದಾನೆ ಮಾವ?” ಎಂದ. ನನಗೆ ಗೊತ್ತಿರಲಿಲ್ಲ. ಹೆಸರನ್ನೂ ನಾನು ಕೇಳಿರಲಿಲ್ಲ.

ಪರಊರಿನಲ್ಲಿ ಬಾಳುವ ನಾವು ಒಬ್ಬರಿಗೊಬ್ಬರು ಆಗುವುದು ತಪ್ಪೇ ಎಂದು ಓದುಗರು ಕೇಳಬಹುದು. ಖಂಡಿತ ಅಲ್ಲ. ಕೆಲಸ ಸಿಕ್ಕಿ ಈ ಊರಿಗೆ ಬಂದಾಗ ನನಗೆ ಭಾಷೆ ಬರುತ್ತಿರಲಿಲ್ಲ. ನಮ್ಮ ಸಂಘದ ಹಿರಿಯರೊಬ್ಬರು ತಮ್ಮ ಮನೆಯ ಜಗಲಿಯಲ್ಲಿ ಒಂದು ತಿಂಗಳು ಮಲಗಲು ಜಾಗ ಕೊಟ್ಟರು. ಬಾಡಿಗೆ ಮನೆ ಹುಡುಕಿಕೊಟ್ಟರು. ಹಾಲಿನವನ ಹತ್ತಿರ ಲೆಕ್ಕ ಕೇಳುವಷ್ಟು ತಮಿಳನ್ನೂ ಕಲಿಸಿದರು. ಆ ಉಪಕಾರವನ್ನು ನಾನು ಮರೆಯಲಾರೆ. ಆದರೆ ಅವರು ಕೊಟ್ಟದ್ದು ಅವರದೇ ಜಗಲಿ. ಅದರಿಂದ ಯಾರ ಸರದಿಯೂ ತಪ್ಪಲಿಲ್ಲ. ಹಾಸ್ಟೆಲಿನ ಜಾಗ ಆ ದೊಡ್ಡವರ ಸ್ವಂತದ್ದಲ್ಲ, ನನ್ನದೂ ಅಲ್ಲ. ತನ್ನದನ್ನು ಕೊಟ್ಟರೆ ಉಪಕಾರ, ಇನ್ನೊಬ್ಬರದನ್ನು ಎತ್ತಿ ಕೊಟ್ಟರೆ ವಶೀಲಿ. ಎರಡಕ್ಕೂ ನಾವು ‘ನಮ್ಮವರು’ ಎಂಬ ಒಂದೇ ಹೆಸರು ಹೇಳುತ್ತೇವೆ, ಎಡವುವುದು ಅಲ್ಲಿಯೇ.

ಸಂಘದ ಕಾರ್ಯಕಾರಿ ಸಮಿತಿಗೆ ನನ್ನದೊಂದು ವಿನಂತಿಯಿದೆ. ನಮ್ಮಲ್ಲಿ ಬಡ ವಿದ್ಯಾರ್ಥಿಗಳಿಗೆ ಫೀಜಿನ ಸಹಾಯ ಕೊಡುವ ನಿಧಿಯಿದೆ. ಕೊಡುವವರ ಮನಸ್ಸು ಶುದ್ಧವೆಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೂ ಎಷ್ಟು ಅರ್ಜಿ ಬಂದವು, ಯಾವ ಆಧಾರದ ಮೇಲೆ ಆರಿಸಿದರು, ಎಷ್ಟು ಮಂದಿಗೆ ಎಷ್ಟು ಹಣ ಕೊಟ್ಟರು ಎಂಬುದನ್ನು ವರ್ಷಕ್ಕೊಮ್ಮೆ ಈ ಪತ್ರಿಕೆಯಲ್ಲಿಯೇ ಅಚ್ಚು ಹಾಕಿಸಿದರೆ ಚೆನ್ನ. ಅರ್ಧ ಪುಟ ಸಾಕು. ಸಿಗದ ಹುಡುಗನಿಗೆ ತನಗೇಕೆ ಸಿಗಲಿಲ್ಲವೆಂದಾದರೂ ತಿಳಿಯುತ್ತದೆ.

ಮುಂದಿನ ಭಾನುವಾರ ಹುಡುಗ ಬರುತ್ತಾನೋ ಇಲ್ಲವೋ ಎಂದು ನನಗೆ ಅಳುಕಿತ್ತು. ಬಂದ. ಎಂದಿನಂತೆ ಎರಡು ಮುದ್ದೆ ಉಂಡ. ಕಾಯುವವರ ಪಟ್ಟಿಯನ್ನು ಅಂಕಗಳ ಸಮೇತ ನೋಟೀಸು ಬೋರ್ಡಿಗೆ ಹಾಕಬೇಕೆಂದು ತಾನೂ ಗೆಳೆಯರೂ ಸೇರಿ ವಾರ್ಡನರಿಗೆ ಅರ್ಜಿ ಬರೆದುಕೊಟ್ಟಿದ್ದೇವೆಂದು ಹೇಳಿದ. ಹಾಕುತ್ತಾರೋ ಇಲ್ಲವೋ ಇನ್ನೂ ಗೊತ್ತಾಗಿಲ್ಲ.

ಊರಿನಿಂದ ಮೊನ್ನೆ ಮತ್ತೆ ಕಾಫಿಪುಡಿ ಬಂತು. ನನ್ನಾಕೆ ಅದನ್ನು ಡಬ್ಬಕ್ಕೆ ಸುರಿಯುತ್ತ, “ಈ ಸಲದ್ದು ನಾವೇ ಕುಡಿಯೋಣ ಕಣ್ರೀ” ಎಂದಳು.