ಚಾವಣಿಯ ಮೇಲೊಂದು ಕಲೆ

ಮುಂಗಾರು ಕಾಲಿಟ್ಟು ಎರಡು ವಾರ ಕಳೆಯುವಷ್ಟರಲ್ಲಿ ನಮ್ಮ ಪಟ್ಟಣಗಳ ಎಷ್ಟೋ ಮನೆಗಳ ಚಾವಣಿಯಲ್ಲಿ ಚಿತ್ರಶಾಲೆಯೇ ತೆರೆದುಕೊಳ್ಳುತ್ತದೆ. ಮಕ್ಕಳು ಅದರಲ್ಲಿ ಆನೆಯನ್ನೂ ಕುದುರೆಯನ್ನೂ ಕಾಣುತ್ತಾರೆ. ಮನೆಯೊಡೆಯನಿಗೆ ಕಾಣುವುದು ಸುಣ್ಣಬಣ್ಣದ ಖರ್ಚು. ಕಲೆಯ ಮೇಲೆ ಬಣ್ಣ ಬಳಿಸಿದರೆ ಮುಗಿಯಿತೆಂದು ಆತನ ಎಣಿಕೆ. ಮುಂದಿನ ಮಳೆಗೆ ಚಿತ್ರ ಮತ್ತೆ ಮೂಡುತ್ತದೆ, ಇನ್ನಷ್ಟು ದೊಡ್ಡದಾಗಿ.

ನೀರು ಹೊಕ್ಕ ಜಾಗ ಒಂದು, ಕಲೆ ತೋರುವ ಜಾಗ ಇನ್ನೊಂದು. ತಾರಸಿಯ ಬಿರುಕಿನಲ್ಲಿ ಇಳಿದ ನೀರು ಒಳಗಿನ ಸಂದುಗಳಲ್ಲಿಯೂ ವಿದ್ಯುತ್ ತಂತಿಯ ಕೊಳವೆಗಳಲ್ಲಿಯೂ ಹರಿದು ಹಲವು ಅಡಿ ಆಚೆ ಹೊರಬೀಳಬಹುದು. ಫ್ಯಾನಿನ ಕೊಕ್ಕೆಯ ಸುತ್ತ ತೇವ ಕಂಡರೆ ಆ ಕೋಣೆಯ ವಿದ್ಯುತ್ತನ್ನು ಮೊದಲು ನಿಲ್ಲಿಸಬೇಕು. ಮಿಕ್ಕ ವಿಚಾರಣೆ ಆಮೇಲೆ.

ಕಲೆಯ ಅಂಚಿನ ಕಂದು ಗೆರೆಗೂ ಅರ್ಥವುಂಟು. ನೀರು ತಾನು ಕರಗಿಸಿ ತಂದುದನ್ನು, ಆರುವಾಗ ಅಂಚಿನಲ್ಲಿ ಬಿಟ್ಟುಹೋಗುತ್ತದೆ. ಬಳೆಯೊಳಗೆ ಬಳೆಯಿಟ್ಟಂತೆ ಗೆರೆಗಳಿದ್ದರೆ ನೀರು ಹಲವು ಸಲ ಬಂದು ಆರಿದೆಯೆಂದು ತಿಳಿಯಬಹುದು. ಆ ಅಂಚಿಗೆ ಪೆನ್ಸಿಲಿನಿಂದ ಗೆರೆಯೆಳೆದು ತಾರೀಖು ಬರೆದಿಡಿ. ಮಳೆ ಬಂದಾಗ ಮಾತ್ರ ಕಲೆ ಗೆರೆ ದಾಟಿದರೆ ತಾರಸಿಯ ಮೇಲೆ ಹುಡುಕಬೇಕು: ನೀರು ಹೋಗುವ ಕಿಂಡಿ ಎಲೆ ಕಸದಿಂದ ಕಟ್ಟಿದೆಯೇ? ಸುತ್ತುಗೋಡೆ ಸೇರುವ ಮೂಲೆ ಬಿರಿದಿದೆಯೇ? ಚೈತ್ರದ ಬಿಸಿಲಿನಲ್ಲೂ ಬೆಳೆದರೆ ಮೇಲಂತಸ್ತಿನ ಬಚ್ಚಲನ್ನೋ ನೀರಿನ ಕೊಳವೆಯನ್ನೋ ಶಂಕಿಸಬೇಕು.

ಸೋರುವುದು, ತೊಟ್ಟಿಕ್ಕುವುದು, ಜಿನುಗುವುದು, ಒಸರುವುದು: ಕನ್ನಡದಲ್ಲಿ ನೀರಿನ ಒಂದೊಂದು ನಡೆಗೆ ಒಂದೊಂದು ಮಾತಿದೆ. ಸೋರಿದರೆ ಬಕೆಟ್ಟನ್ನಿಟ್ಟು ಎಚ್ಚರಗೊಳ್ಳುವ ನಾವು ಒಸರುವುದನ್ನು ವರ್ಷಗಟ್ಟಲೆ ಸಹಿಸುತ್ತೇವೆ. ಕೇಡಿರುವುದು ಅಲ್ಲಿಯೇ. ಕಾಂಕ್ರೀಟಿನೊಳಗಿನ ಕಬ್ಬಿಣ ತುಕ್ಕಾದಾಗ ಅದರ ಗಾತ್ರ ಎರಡು ಪಟ್ಟಿಗೂ ಮಿಕ್ಕಿ ಉಬ್ಬುತ್ತದೆ. ಉಬ್ಬಿ ಕೆಳಪದರವನ್ನು ದೂಡುತ್ತದೆ. ಒಂದು ದಿನ ಆ ಹೆಕ್ಕಳೆ ಕಳಚಿ ಬೀಳುವಾಗ ಕೆಳಗೆ ತೊಟ್ಟಿಲಿದೆಯೇ ಎಂದು ವಿಚಾರಿಸುವುದಿಲ್ಲ. ನೇರವಾದ ಬಿರುಕು, ತುಕ್ಕಿನ ಬಣ್ಣ, ದೂರ ನಿಂತು ಕೋಲಿನಿಂದ ಮೆಲ್ಲನೆ ತಟ್ಟಿದಾಗ ಪೊಳ್ಳು ಸದ್ದು, ಇವುಗಳಲ್ಲಿ ಒಂದಾದರೂ ಇದ್ದರೆ ಹಾಸಿಗೆಯನ್ನು ಅಂದೇ ಬೇರೆ ಕೋಣೆಗೆ ಸಾಗಿಸಿ ಇಂಜಿನಿಯರರನ್ನು ಕರೆಸಬೇಕು.

ಬೆಂಗಳೂರು, ಮೈಸೂರುಗಳ ಹಳೆಯ ಮದರಾಸು ತಾರಸಿಯ ಮನೆಗಳ ಕತೆ ಬೇರೆ. ಅಲ್ಲಿ ಮರದ ತೊಲೆಗಳ ಮೇಲೆ ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ ಸುಣ್ಣದ ಗಾರೆಯಿಂದ ಬಿಗಿದಿರುತ್ತಾರೆ. ಗೋಡೆಯೊಳಗೆ ಹುದುಗಿದ ತೊಲೆಯ ತುದಿ ತೇವಕ್ಕೆ ಕಣ್ಮರೆಯಲ್ಲೇ ಕೊಳೆಯುತ್ತದೆ. ಆ ಬಳಿ ಕಲೆ ಅಂಗೈಯಗಲವೇ ಇದ್ದರೂ ಬಲ್ಲ ಬಡಗಿಯಿಂದ ಪರೀಕ್ಷೆ ಮಾಡಿಸುವುದು ಲೇಸು.

ಬಿರುಕು ಮುಚ್ಚಿದ ಮೇಲೂ ಗಾರೆಯೊಳಗಿನ ತೇವ ಆರಲು ವಾರಗಳೇ ಹಿಡಿಯುತ್ತವೆ. ಬಣ್ಣದವನು ಅಲ್ಲಿಯವರೆಗೆ ಕಾಯಲಿ.